ಕೊಟ್ಟಿಗೆಯ ಕಾರಿಗೆ ಅಮ್ಮ ಹಚ್ಚಿದ ಬಣ್ಣ

ಕೆನೆಯ ಬಣ್ಣವೇ ಇರಬೇಕು, ಏಕೆಂದರೆ ಬೇರೆ ಯಾವ ಬಣ್ಣವಾಗಿದ್ದರೂ ಮುಂದೆ ನಡೆದದ್ದು ನಡೆಯುತ್ತಿರಲಿಲ್ಲ. ಆದರೆ ಹೀಗೆ ಮುಂದಿನದನ್ನು ಹಿಡಿದುಕೊಂಡು ಹಿಂದಿನದನ್ನು ಸಾಬೀತು ಮಾಡುವುದು ತರ್ಕವಾಯಿತೇ ಹೊರತು ನೆನಪಾಗಲಿಲ್ಲ. ಉಳಿದಿರುವ ಒಂದೇ ಫೋಟೋದಲ್ಲಿ ಕಾರು ಬೂದು, ಅಪ್ಪನ ಪಂಚೆ ಬೂದು, ಅಮ್ಮನ ಸೀರೆ ಬೂದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿರುವ ಎಂಟು ವರ್ಷದ ನನ್ನ ಲಂಗವೂ ಬೂದು. ಲಂಗ ಹಸಿರಾಗಿತ್ತು ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಕಾರಿನ ವಿಷಯದಲ್ಲಿ ಅಷ್ಟು ಧೈರ್ಯ ಬರುವುದಿಲ್ಲ. ಆ ಕಾರಿನ ಬಣ್ಣವನ್ನು ನಮ್ಮ ಮನೆಯಲ್ಲಿ ನಿಜವಾಗಿ ಗಮನವಿಟ್ಟು ನೋಡಿದ್ದು ಅಮ್ಮ ಒಬ್ಬಳೇ, ಅದೂ ಒಂದೇ ಒಂದು ಬೆಳಿಗ್ಗೆ. ಅವಳೂ ತಪ್ಪಾಗಿಯೇ ನೋಡಿದಳು.

ಮನೆ ಕೃಷ್ಣಮೂರ್ತಿಪುರದಲ್ಲಿತ್ತು. ಪಡಸಾಲೆ, ನಡುಮನೆ, ಅಡುಗೆಮನೆ, ಬಚ್ಚಲು ಎಲ್ಲ ಒಂದರ ಹಿಂದೊಂದು ರೈಲಿನ ಡಬ್ಬಿಗಳ ಹಾಗೆ. ಮುಂಬಾಗಿಲಲ್ಲಿ ನಿಂತರೆ ಹಿತ್ತಲಿನ ಕರಿಬೇವಿನ ಗಿಡ ನೇರವಾಗಿ ಕಾಣುತ್ತಿತ್ತು. ಹಿತ್ತಲ ಮಗ್ಗುಲಿಗೆ, ಓಣಿಗೆ ಬಾಯಿ ತೆರೆದುಕೊಂಡು ಒಂದು ಕೊಟ್ಟಿಗೆ. ಅದರಲ್ಲಿ ಗೌರಿ ಎಂಬ ಹಸುವಿತ್ತು. ಗೌರಿಯ ಮುಖ ಮರೆತಿದೆ, ವಾಸನೆ ಮರೆತಿಲ್ಲ. ಅದು ಸತ್ತ ಮೇಲೆ, ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಡಾಕ್ಟರಿಂದ ಅಪ್ಪ ಎರಡು ಬಾಗಿಲಿನ ಒಂದು ಪುಟ್ಟ ಕಾರನ್ನು ಕೊಂಡು ತಂದರು. ಬೀದಿಯವರು ಅದನ್ನು ಬೇಬಿ ಕಾರು ಎನ್ನುತ್ತಿದ್ದರು. ನಿಲ್ಲಿಸಲು ಬೇರೆ ಜಾಗವಿಲ್ಲದೆ ಅದು ಕೊಟ್ಟಿಗೆಗೇ ಹೋಯಿತು. ಗೋದಲಿಯನ್ನು ಒಡೆದರು. ಹಸುವನ್ನು ಕಟ್ಟುತ್ತಿದ್ದ ಕಲ್ಲುಕಂಬವನ್ನು ಮಾತ್ರ ಕೀಳುವ ಹಾಗಿರಲಿಲ್ಲ, ಮಾಡು ನಿಂತಿದ್ದೇ ಅದರ ಮೇಲೆ. ಅಪ್ಪ ಕಾರನ್ನು ಓಣಿಯಿಂದ ಹಿಮ್ಮುಖವಾಗಿ ನಡೆಸಿ, ಕಂಬದ ಮಗ್ಗುಲಲ್ಲಿ ನಾಲ್ಕು ಬೆರಳು ಜಾಗ ಬಿಟ್ಟು, ಒಂದೇ ಸಲಕ್ಕೆ ಒಳಗೆ ಸೇರಿಸುತ್ತಿದ್ದರು. ಗಂಜಲ, ಪೆಟ್ರೋಲು, ಹಳೆಯ ಹುಲ್ಲು, ಮೂರೂ ಕಲೆತ ಒಂದು ವಾಸನೆ ಅಲ್ಲಿ ವರ್ಷಗಟ್ಟಲೆ ಇತ್ತು.

ಅಜ್ಜಿಯ ಮಟ್ಟಿಗೆ ಕೊಟ್ಟಿಗೆ ಖಾಲಿಯಾಗಿರಲೇ ಇಲ್ಲ. ಶುಕ್ರವಾರ ಬೆಳಿಗ್ಗೆ ಸ್ನಾನ ಮುಗಿಸಿ ಅರಿಶಿನ ಕುಂಕುಮದ ಬಟ್ಟಲು, ಒಂದು ಪುಟ್ಟ ದೀಪ ಹಿಡಿದು ಗೌರಿಯ ಹತ್ತಿರ ಹೋಗುತ್ತಿದ್ದವರು ಈಗ ಕಾರಿನ ಹತ್ತಿರ ಹೋಗತೊಡಗಿದರು. ಹಸುವಿಗೆ ಹಿಂಭಾಗದಲ್ಲಿ ಪೂಜೆಯಲ್ಲವೇ, ಅದಕ್ಕೆ ಕಾರಿಗೂ ಹಿಂಭಾಗದಲ್ಲೇ. ಗೋಡೆಗೂ ಕಾರಿಗೂ ನಡುವಿನ ಕತ್ತಲ ಸಂದಿಯಲ್ಲಿ ಅಡ್ಡಡ್ಡವಾಗಿ ನುಸುಳಿ, ನೀರಲ್ಲಿ ಕಲಸಿದ ಅರಿಶಿನವನ್ನು ಅಂಗೈಯಗಲ ಬಳಿದು, ನಡುವೆ ಕುಂಕುಮವಿಟ್ಟು, ಅಲ್ಲೇ ನಿಂತು ಏನೋ ಹೇಳಿಕೊಳ್ಳುತ್ತಿದ್ದರು.

“ಅಮ್ಮಾ, ಮುಂದುಗಡೆ ಇಟ್ಟು ಬಂದ್ರೆ ಆಗಲ್ವಾ? ಮಂಡಿ ನೋವು ಅಂತೀಯ, ಆ ಸಂದೀಲಿ ಯಾಕೆ ನುಗ್ತೀಯ?” ಎನ್ನುತ್ತಿದ್ದರು ಅಪ್ಪ.

“ಲಕ್ಷ್ಮಿ ಇರೋದು ಹಿಂದುಗಡೆ ಕಣೋ.”

“ಅದರ ಹಿಂದುಗಡೆ ಇರೋದು ಸ್ಟೆಪ್ನಿ.”

“ಇರ್ಲಿ ಬುಡು. ಅದೂ ಆಪತ್ತಿಗೆ ಆಗೋದೇ ತಾನೆ?”

ಅಪ್ಪ ಸರ್ಕಾರಿ ಕಚೇರಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದರು. ಕಾರು ಭಾನುವಾರದ್ದು. ಅಂದು ಬೆಳಿಗ್ಗೆ ಅದನ್ನು ಓಣಿಗೆ ತಂದು, ಬರಿಯ ನೀರಿನಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತಿದ್ದರು. ಸೋಪು ಹಾಕಿದರೆ ಮೆರುಗು ಹೋಗುತ್ತದೆ ಎಂದು ಅವರ ನಂಬಿಕೆ. ನೀರಿಗೆ ಕುಂಕುಮ ಹೋಗುತ್ತಿತ್ತು, ಅರಿಶಿನದ ಪುಡಿಯೂ ಹೋಗುತ್ತಿತ್ತು. ಕಲೆ ಹೋಗುತ್ತಿರಲಿಲ್ಲ. ವಾರ ವಾರವೂ ಕೂದಲೆಳೆಯಷ್ಟು ಹಳದಿ ಕೂಡುತ್ತ ಹೋಗಿ ಕಾರಿನ ಬೆನ್ನು ಮುಖಕ್ಕಿಂತ ಬೇರೆಯದೇ ಬಣ್ಣಕ್ಕೆ ಬಂದಿದ್ದು ನಮಗಾರಿಗೂ ಕಾಣಿಸಲಿಲ್ಲ. ಒಂದು ಕಾರಿನ ಮುಂದನ್ನೂ ಹಿಂದನ್ನೂ ಒಟ್ಟಿಗೆ ನೋಡಲು ಯಾರಿಗೂ ಆಗುವುದಿಲ್ಲವಲ್ಲ.

ಅಮ್ಮನಿಗೆ ಕಾರು ಓಡಿಸಲು ಕಲಿಸಿದ್ದು ಅಪ್ಪನೇ. ಇದು ಖಂಡಿತ, ಇದಕ್ಕೆ ಸಾಕ್ಷಿಗಳಿದ್ದರು. ಬೆಳಗಿನ ಆರು ಗಂಟೆಗೆ ಮೈದಾನದಲ್ಲಿ ಅಮ್ಮ ಸೆರಗು ಸಿಕ್ಕಿಸಿಕೊಂಡು ಸ್ಟೀರಿಂಗ್ ಹಿಡಿದು ಕೂತಿದ್ದರೆ, ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಕಿಟಕಿಯ ಪಕ್ಕ ಓಡುತ್ತ, “ಕ್ಲಚ್ಚು, ಕ್ಲಚ್ಚು, ಅಯ್ಯೋ ಕ್ಲಚ್ಚು ಕಣೇ!” ಎಂದು ಕೂಗುತ್ತಿದ್ದರು. ಇಬ್ಬರೂ ನಗುತ್ತಿದ್ದರು. ನನ್ನ ತಂದೆ ತಾಯಿ ಒಟ್ಟಿಗೆ ಅಷ್ಟು ನಕ್ಕಿದ್ದನ್ನು ಮತ್ತೆ ನೋಡಿದ ನೆನಪಿಲ್ಲ. ಹದಿನೈದು ದಿನಕ್ಕೊಮ್ಮೆ ಅಜ್ಜಿಯ ಮಂಡಿ ತೋರಿಸಲು ಅಮ್ಮನೇ ಕಾರು ತೆಗೆದುಕೊಂಡು ಹೋಗಬಹುದು ಎಂದು ತೀರ್ಮಾನವಾಯಿತು. ಬೀಗದ ಕೈಯನ್ನು ನಡುಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಆ ದಿನ ಊಟಕ್ಕೆ ಕೂತಾಗ ಅಪ್ಪ ಹುಳಿಯನ್ನ ಕಲಸುತ್ತ ಒಂದು ಮಾತು ಸೇರಿಸಿದರು.

“ನೋಡು ಕಮಲ, ಓಡಿಸು, ಬೇಡ ಅನ್ನಲ್ಲ. ಆದ್ರೆ ಒಂದೇ ಒಂದು ಗೀರು ಬಿತ್ತೂ ಅಂದ್ರೆ ಅಲ್ಲಿಗೆ ಮುಗೀತು.”

“ನೀವು ಬೀಳಿಸಿದ್ರೆ?”

“ನಾನ್ಯಾಕೆ ಬೀಳಿಸ್ತೀನಿ?”

“ಅದೂ ಸರಿಯೇ. ದೇವರಿಗೂ ನಿಮಗೂ ಗೀರು ಬೀಳಲ್ಲ.”

“ಅನ್ನ ತಣ್ಣಗಾಗ್ತಿದೆ, ಇಬ್ರೂ ತಟ್ಟೆ ನೋಡ್ಕೊಳ್ಳಿ,” ಎಂದರು ಅಜ್ಜಿ.

ಅಪ್ಪ ಆಡಿದ ಮಾತನ್ನು ಹಿಂತೆಗೆದುಕೊಳ್ಳುವವರಲ್ಲ. ಅದು ಅಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕಚೇರಿಯ ಕೆಲಸದ ಮೇಲೆ ಅಪ್ಪ ಶಿವಮೊಗ್ಗಕ್ಕೆ ಹೋಗಿದ್ದರು, ಶನಿವಾರ ಸಂಜೆಗೆ ಬರುವವರು. ಬುಧವಾರ ಮಧ್ಯಾಹ್ನ ಅಜ್ಜಿ ಮಲಗಿದ್ದಾಗ ಅಮ್ಮ ಬೀಗದ ಕೈ ತೆಗೆದುಕೊಂಡು, “ಬಾ, ಸುಮ್ನೆ ಬಾ, ಏನೂ ಕೇಳಬೇಡ” ಎಂದು ನನ್ನನ್ನು ಕರೆದುಕೊಂಡು ಹೊರಟಳು. ಡಾಕ್ಟರ ಮನೆಗಲ್ಲ, ದೇವಸ್ಥಾನಕ್ಕಲ್ಲ, ಯಾರ ಮನೆಗೂ ಅಲ್ಲ. ಲಲಿತಮಹಲ್ ರಸ್ತೆಗೆ. ಈಗ ಸಿದ್ಧಾರ್ಥನಗರವಿರುವ ಕಡೆ ಆಗ ಬರಿಯ ಬಯಲು. ಎರಡು ಕಡೆ ಮರ, ನಡುವೆ ದಾರಿ, ದಾರಿಯ ಮೇಲೆ ಒಂದು ಎತ್ತಿನ ಗಾಡಿಯೂ ಇಲ್ಲ. ಅಮ್ಮ ಗೇರು ಬದಲಾಯಿಸಿದಳು. ಮೊಣಕೈಯನ್ನು ಕಿಟಕಿಯಿಂದ ಹೊರಗಿಟ್ಟಳು. ಮನೆಯಲ್ಲಿ ಯಾವಾಗಲೂ ಏನಾದರೊಂದು ಹೇಳುತ್ತಿದ್ದವಳು ಅಲ್ಲಿ ಏನೂ ಹೇಳಲಿಲ್ಲ. ನಾನು ಅವಳ ಮುಖ ನೋಡಿದೆ, ಅವಳು ಯಾರ ತಾಯಿಯೂ ಅಲ್ಲದವಳ ಹಾಗೆ ಕಂಡಳು. ಈ ವಾಕ್ಯ ಎಂಟು ವರ್ಷದವಳಿಗೆ ಹೊಳೆದದ್ದಲ್ಲ, ನಾನು ಈಗ ಹಾಕುತ್ತಿರುವುದು. ಆಗ ನನಗೆ ಅನಿಸಿದ್ದು ಭಯ ಮಾತ್ರ.

“ಅಮ್ಮಾ, ಹಾಲಿನವನು ಬರ್ತಾನೆ.”

“ಹೌದಲ್ವೇ,” ಎಂದು ಅವಳು ಕಾರು ತಿರುಗಿಸಿದಳು.

ಕಂಬಕ್ಕೆ ತಗುಲಿದ್ದು ಕೊಟ್ಟಿಗೆಯೊಳಗೆ ಹಿಂದಕ್ಕೆ ಹಾಕುವಾಗ. ನಾನು ಕಾರಿನೊಳಗೆ ಕೂತಿದ್ದೆ, ಕರಕರ ಎಂಬ ಸದ್ದು ಸೀಟಿನಿಂದ ನನ್ನ ಬೆನ್ನಿಗೆ ಬಂತು ಎಂದು ಒಂದು ನೆನಪು. ನಾನು ಹಿಂದೆ ನಿಂತು “ಬರ್ಲಿ, ಬರ್ಲಿ” ಎಂದು ಕೈಬೀಸುತ್ತಿದ್ದೆ, ನಡುವೆ ಒಂದು ಬೆಕ್ಕನ್ನು ನೋಡುತ್ತ ನಿಂತುಬಿಟ್ಟೆ ಎಂದು ಇನ್ನೊಂದು. ಒಂದು ಸುಳ್ಳಿರಬೇಕು. ಅಮ್ಮ ಇಳಿದು ಬಂದು ನೋಡಿದಳು. ಎಡಗಡೆ, ಹಿಂದಿನ ಚಕ್ರದ ಮೇಲುಭಾಗದಿಂದ ಬೆನ್ನಿನ ಕಡೆಗೆ ತಿರುಗುವಲ್ಲಿ, ವೀಳ್ಯದೆಲೆಯಗಲ ಬಣ್ಣ ಕಿತ್ತು ತಗಡು ಬೆಳ್ಳಗೆ ಕಾಣುತ್ತಿತ್ತು. ಅವಳು ಅಳಲಿಲ್ಲ. ಕಂಬವನ್ನು ಒಮ್ಮೆ, ಬಾಗಿಲನ್ನು ಒಮ್ಮೆ ನೋಡಿ, “ಇನ್ನೂ ಮೂರು ದಿನ ಇದೆ” ಎಂದಳು.

ಕಾರನ್ನು ಅಂಗಡಿಗೆ ಒಯ್ಯುವ ಹಾಗಿರಲಿಲ್ಲ. ಮೈಸೂರು ಆಗ ಎಷ್ಟು ಪುಟ್ಟದಾಗಿತ್ತೆಂದರೆ, ಬೇಬಿ ಕಾರು ಪೇಂಟ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಅಪ್ಪನ ಕಚೇರಿಯ ಜವಾನನವರೆಗೆ ಸುದ್ದಿ ಹೋಗುತ್ತಿತ್ತು. ಕಾರು ಹೋಗದಿದ್ದರೆ ಕಾರಿನ ಬಣ್ಣ ಹೋಗಬೇಕು, ಹೇಗೆ? ಅಮ್ಮನಿಗೆ ಗೊತ್ತಿದ್ದದ್ದು ಒಂದೇ ಬಗೆ, ಸೀರೆಗೆ ರವಿಕೆಯ ಬಟ್ಟೆ ಹೊಂದಿಸುವ ಬಗೆ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಕಾರನ್ನು ಓಣಿಯ ಬೆಳಕಿಗೆ ಎಳೆದು ತಂದು ನಿಲ್ಲಿಸಿ, ಹೊಲಿಗೆ ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಳು. ಗಾಯದ ಮಗ್ಗುಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಂದೊಂದು ದಾರದ ಉಂಡೆಯಿಂದ ಗೇಣುದ್ದ ಬಿಚ್ಚಿ ಅದರ ಮೇಲೆ ಎಳೆದು ಹಿಡಿದು ನೋಡಿದಳು. ಬಿಳಿ, ಹಾಲು ಬಿಳಿ, ಗಂಧ, ಹಳೆಯ ರೇಷ್ಮೆಯದು, ಇನ್ನೊಂದು ಗಂಧ.

“ಕಣ್ಣು ಅರ್ಧ ಮುಚ್ಚಿ ನೋಡು. ದಾರ ಕಾಣಿಸ್ತಿದೆಯಾ?”

“ಕಾಣಿಸ್ತಿದೆ.”

“ಇದು?”

“ಚೂರು ಕಾಣಿಸ್ತಿದೆ.”

“ಇದು?”

ಆ ದಾರ ಮಾಯವಾಯಿತು. ಅಮ್ಮನ ಎರಡು ಕೈಗಳ ನಡುವೆ ಏನೂ ಇರಲಿಲ್ಲ. ನನ್ನ ಜೀವನದಲ್ಲಿ ನಾನು ನೋಡಿದ ಒಂದೇ ಒಂದು ಇಂದ್ರಜಾಲ ಅದು. ನಾವಿಬ್ಬರೂ ಚಪ್ಪಾಳೆ ತಟ್ಟಿದೆವು. ಅಜ್ಜಿ ವರ್ಷಗಟ್ಟಲೆ ಅರಿಶಿನ ಬಳಿದ ಜಾಗಕ್ಕೆ ನಾವು ದಾರ ಹೊಂದಿಸಿದ್ದೇವೆ ಎಂದು ಇಬ್ಬರಿಗೂ ತೋಚಲಿಲ್ಲ.

ದೇವರಾಜ ಮಾರುಕಟ್ಟೆಯ ಹಿಂದಿನ ಒಂದು ಪೇಂಟ್ ಅಂಗಡಿಗೆ ಟಾಂಗಾದಲ್ಲಿ ಹೋದೆವು. ಅಂಗಡಿಯ ಗಫಾರ್ ಸಾಹೇಬರು ಬಿಳಿ ಗಡ್ಡದವರು, ಬೆರಳುಗಳಿಗೆ ಮಾತ್ರ ಏಳು ಬಣ್ಣ. ಅಮ್ಮ ದಾರದ ಉಂಡೆಯನ್ನು ಹಲಗೆಯ ಮೇಲಿಟ್ಟಳು.

“ಇದು ಕಾರಿಗಾ ಅಮ್ಮಾ, ಕುಬುಸಕ್ಕಾ?”

“ಕಾರಿಗೇ ಸಾಹೇಬ್ರೆ.”

“ಕಾರೆಲ್ಲಿ?”

“ಮನೇಲಿ.”

“ಪೇಷಂಟು ಮನೇಲಿ, ಔಷಧಿ ಇಲ್ಲಿ. ಹಿಂಗಾದ್ರೆ ಹೆಂಗಮ್ಮಾ?” ಎಂದು ಅವರು ದಾರವನ್ನು ಬಾಗಿಲ ಬೆಳಕಿಗೆ ಒಯ್ದು ಹಿಡಿದರು. “ಬಣ್ಣ ಎಲ್ಲಿ ಹಿಡಿದ್ರಿ? ಮುಂದೆದಾ, ಹಿಂದೆದಾ? ಬಿಸಿಲು ತಿಂದ ಕಡೆ ಒಂದು ಥರ ಇರ್ತದೆ, ನೆರಳಲ್ಲಿರೋ ಕಡೆ ಇನ್ನೊಂದು ಥರ.”

“ಪೆಟ್ಟು ಬಿದ್ದಿದೆಯಲ್ಲ, ಅದರ ಮಗ್ಗುಲಲ್ಲೇ. ಒರೆಸಿ ನೋಡಿದೀನಿ.”

“ಶಾಭಾಷ್. ನಮ್ಮ ಹುಡುಗರಿಗೆ ಇಷ್ಟು ಬುದ್ಧಿ ಇಲ್ಲ.”

ಅಮ್ಮನ ಮುಖ ಅರಳಿತು. ಸಾಹೇಬರು ಒಂದು ಡಬ್ಬಿಯ ಮುಚ್ಚಳದಲ್ಲಿ ಕಾರಿಗೆ ಹಚ್ಚುವ ಬಿಳಿ ಡ್ಯೂಕೋ ಬಣ್ಣ ಸುರಿದು, ಕಡ್ಡಿಯ ತುದಿಯಿಂದ ಹಳದಿ ಬೆರೆಸಿ, ಚುಕ್ಕೆಯಷ್ಟು ಕಪ್ಪು, ಚುಕ್ಕೆಯಷ್ಟು ಕೆಂಪು ಸೇರಿಸಿ, ತಗಡಿನ ಚೂರಿನ ಮೇಲೆ ಎಳೆದು ಒಣಗಲು ಬಿಟ್ಟರು. ಹಸಿ ಬಣ್ಣವನ್ನು ನಂಬಬಾರದು, ಒಣಗಿದ ಮೇಲೆ ಅದು ಬೇರೆಯೇ ಆಗುತ್ತದೆ ಎಂದರು. ಒಣಗಿತು, ದಾರ ಕಂಡಿತು. ಇನ್ನಷ್ಟು ಹಳದಿ ಹಾಕಿದರು. ಮತ್ತೂ ಕಂಡಿತು. “ಇಷ್ಟು ಹಳದಿ ಯಾವ ಕಂಪನಿಯವನು ಹಾಕ್ತಾನೆ?” ಎಂದು ಗೊಣಗುತ್ತ ಮತ್ತೊಂದು ಕಡ್ಡಿ ಅದ್ದಿದರು. ನಾಲ್ಕನೆಯ ಸಲಕ್ಕೆ ದಾರ ಮಾಯವಾಯಿತು. ಬಣ್ಣವನ್ನು ಒಂದು ಇಂಕಿನ ಸೀಸೆಗೆ, ತಿನ್ನರನ್ನು ಇನ್ನೊಂದು ಸೀಸೆಗೆ ಹಾಕಿಕೊಟ್ಟು, ಪುಟ್ಟಿ, ಉಪ್ಪುಕಾಗದ ಕಟ್ಟಿಕೊಟ್ಟರು. “ತೆಳ್ಳಗೆ ಹಚ್ಚಿ. ಒಂದು ಸಲ ಎಳೆದ ಮೇಲೆ ಕುಂಚ ಹಿಂದಕ್ಕೆ ತರಬೇಡಿ. ಆಸೆ ಮಾಡಿದ್ರೆ ಕೆಟ್ಟುಹೋಗ್ತದೆ.”

ಅಮ್ಮ ಆ ಮಧ್ಯಾಹ್ನ ಕೆಲಸ ಮಾಡಿದ ರೀತಿ ನನಗೆ ಚೆನ್ನಾಗಿ ನೆನಪಿದೆ, ಅಥವಾ ಮುಂದೆ ಅವಳು ಬೇರೆ ಬೇರೆ ಕೆಲಸ ಮಾಡುವುದನ್ನು ನೋಡಿ ನೋಡಿ ನಾನದನ್ನು ಕಟ್ಟಿಕೊಂಡಿದ್ದೇನೆ. ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ, ಗಾಯದ ಅಂಚು ಬೆರಳಿಗೆ ತಗುಲದಾಗುವವರೆಗೆ ತೇಯ್ದಳು. ತಗ್ಗಿಗೆ ಪುಟ್ಟಿ ತುಂಬಿ, ಒಣಗಿಸಿ, ಮತ್ತೆ ತೇಯ್ದಳು. ನನ್ನ ಶಾಲೆಯ ಬಣ್ಣದ ಪೆಟ್ಟಿಗೆಯ ಕುಂಚದಿಂದ, ಉಸಿರು ಬಿಗಿಹಿಡಿದು, ಒಂದು ಪದರ. ಅದು ಒಣಗುವಷ್ಟರಲ್ಲಿ ಒಳಗೆ ಹೋಗಿ ಅಕ್ಕಿ ಆರಿಸಿ ಬಂದು ಎರಡನೆಯ ಪದರ. ಮಜ್ಜಿಗೆ ಕಡೆದು ಬಂದು ಮೂರನೆಯದು. ಕೊನೆಗೆ ಹಲ್ಲುಪುಡಿಯನ್ನು ಒದ್ದೆ ಬಟ್ಟೆಯಲ್ಲಿ ತೆಗೆದುಕೊಂಡು ಅಂಚನ್ನೆಲ್ಲ ಮೆಲ್ಲಗೆ ಉಜ್ಜಿದಳು. ತಿನ್ನರಿನದು ಮಾಗಿದ ಬಾಳೆಹಣ್ಣಿನ ವಾಸನೆ, ಮನೆಯೆಲ್ಲ ತುಂಬಿತ್ತು.

“ಯಾರೇ ಬಾಳೆಹಣ್ಣು ತಂದಿದ್ದು? ಮುದುಕಿಗೊಂದು ಕೊಡಬಾರದಾ?” ಎಂದು ಕೇಳುತ್ತಲೇ ಅಜ್ಜಿ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬಂದರು. ಅಮ್ಮ ಎದ್ದು ನಿಂತಳು. ಕುಂಚವನ್ನು ಬೆನ್ನ ಹಿಂದೆ ಬಚ್ಚಿಡಲು ಹೋಗಿ, ಬಿಟ್ಟು, ಎಲ್ಲವನ್ನೂ ಹೇಳಿದಳು. ಲಲಿತಮಹಲ್ ರಸ್ತೆಯನ್ನೂ ಬಿಡಲಿಲ್ಲ. ಅಜ್ಜಿ ಬಗ್ಗಿ ಆ ಜಾಗವನ್ನು ಬಹಳ ಹೊತ್ತು ನೋಡಿದರು.

“ನನಗೇನೂ ಕಾಣಿಸ್ತಿಲ್ಲಮ್ಮ. ಪೊರೆ ಬಂದಿದೆ ಅಂತ ಡಾಕ್ಟ್ರೇ ಹೇಳಿದಾರಲ್ಲ.”

“ಅತ್ತೆ, ಅವರು ಕೇಳಿದ್ರೆ...”

“ಕಾಣದ್ದನ್ನ ನಾನು ಹೆಂಗೆ ಹೇಳಲಿ? ಮುಂದಿನ ಗುರುವಾರ ಮಂಡಿ ತೋರ್ಸಕ್ಕೆ ಟಾಂಗಾದಲ್ಲಿ ಕುಲುಕಿಸಿಕೊಂಡು ಹೋಗು ಅಂತೀಯಾ? ಕೈ ತೊಳ್ಕೊಂಡು ಬಂದು ಕಾಫಿ ಕೊಡು.”

ಮರುದಿನ ಶುಕ್ರವಾರ. ಅಜ್ಜಿ ಎಂದಿಗಿಂತ ಧಾರಾಳವಾಗಿ ಅರಿಶಿನ ಬಳಿದರು. ಶನಿವಾರ ಸಂಜೆ ಅಪ್ಪ ಬಂದರು. ಭಾನುವಾರ ತೊಳೆದರು, ಒರೆಸಿದರು, ಸುತ್ತ ನಡೆದರು. ಅಡುಗೆಮನೆಯ ಕಿಟಕಿಯಿಂದ ಅಮ್ಮ ನೋಡುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿತು. ಅಪ್ಪ ಬಟ್ಟೆ ಹಿಂಡಿ ಹಾಕಿ ಸ್ನಾನಕ್ಕೆ ಹೋದರು. ಅಲ್ಲಿಂದ ಮುಂದೆ ಹಲವು ತಿಂಗಳು ನಮ್ಮ ಮನೆ ಬಹಳ ಹಗುರವಾಗಿತ್ತು. ಗುರುವಾರಗಳಂದು ಅಜ್ಜಿಯ ಮಂಡಿ ಡಾಕ್ಟರ ಮನೆಯಿಂದ ನೇರ ಮನೆಗೆ ಬರುತ್ತಿರಲಿಲ್ಲ. ಕುಕ್ಕರಹಳ್ಳಿ ಕೆರೆಯ ಕಡೆ, ಬೆಟ್ಟದ ತಪ್ಪಲಿನ ಕಡೆ ಸುತ್ತಿ ಬರುತ್ತಿತ್ತು. ಅಜ್ಜಿ ಹಿಂದಿನ ಸೀಟಿನಲ್ಲಿ ಕೂತು, ಎದುರಿಗೆ ಬಂದವರಿಗೆಲ್ಲ ದಾರಿ ಬಿಡಿ ಎಂದು ಕೈಸನ್ನೆ ಮಾಡುತ್ತಿದ್ದರು. ಅದೇ ನನ್ನ ಬಾಲ್ಯ ಎಂದು ಯಾರಾದರೂ ಬರೆದುಕೊಟ್ಟರೆ ನಾನು ಸಹಿ ಹಾಕಲು ಸಿದ್ಧ.

ಆಮೇಲೆ ಎದುರು ಮನೆಯ ಮದುವೆ ಬಂತು. ಸ್ಟೇಷನ್ನಿನಿಂದ ಗಂಡನ್ನು ಕರೆತರಲು ನಮ್ಮ ಕಾರನ್ನು ಕೇಳಿದರು. ಅಪ್ಪನಿಗೆ ಹೆಮ್ಮೆ. ಇಂಥ ದಿನ ಬರಿಯ ನೀರು ಸಾಲದು ಎಂದು, ಮೆರುಗಿನ ನಂಬಿಕೆಯನ್ನೂ ಬದಿಗಿಟ್ಟು, ಬಟ್ಟೆ ಒಗೆಯುವ ಸೋಪನ್ನು ತುಂಡು ಮಾಡಿ ಬಕೆಟ್ಟಿನಲ್ಲಿ ಕರಗಿಸಿದರು. ಅವರು ಉಜ್ಜುವುದು, ನಾನು ಚೊಂಬಿನಿಂದ ನೀರು ಹಾಕುವುದು. ಮುಂದಿನ ಭಾಗ ಮುಗಿಯಿತು. ಬಾಗಿಲುಗಳು ಮುಗಿದವು. ಹಿಂದೆ ಬಂದು ಸೋಪಿನ ಬಟ್ಟೆ ಒತ್ತಿದ ತಕ್ಷಣ ಕಾರಿನ ಬೆನ್ನೆಲ್ಲ ಕೆಂಪಾಯಿತು. ಅರಿಶಿನಕ್ಕೆ ಸೋಪು ತಗುಲಿದರೆ ಆಗುವಂಥದ್ದೇ; ಆದರೆ ಅಷ್ಟು ಕೆಂಪನ್ನು ನಾವು ನಿರೀಕ್ಷಿಸಿರಲಿಲ್ಲ. ಓಕುಳಿಯ ಹಾಗೆ ಇಳಿಯಿತು. ಅಪ್ಪ ನಕ್ಕರು. “ನೋಡೇ, ನಿಮ್ಮಜ್ಜಿ ಹಾಕಿದ ಅರಿಶಿನ ಎಷ್ಟಿದೆ!” ಎಂದು ಉಜ್ಜುತ್ತ ಹೋದರು. ನೀರು ಹಾಕಿದಂತೆ ಕೆಂಪು ಹರಿದುಹೋಗಿ, ಕೆಳಗಿನಿಂದ ಕಾರಿನ ನಿಜವಾದ ಬಣ್ಣ ಬಂತು. ಎಡ ಮೂಲೆಯಲ್ಲಿ ವೀಳ್ಯದೆಲೆಯಗಲ ಜಾಗವೊಂದು ಮಾತ್ರ ಮೇಲಿನ ಕೆಂಪು ಹರಿದುಹೋದ ಮೇಲೂ ಬಣ್ಣ ಬಿಡಲಿಲ್ಲ. ಹಳದಿಯಾಗಿಯೇ ಉಳಿಯಿತು. ಅಪ್ಪ ಅದನ್ನು ಇನ್ನೊಮ್ಮೆ ಉಜ್ಜಿದರು. ಬೆರಳಿನಿಂದ ಸವರಿದರು. ನಗು ನಿಂತಿತ್ತು.

ಇಲ್ಲಿಂದ ನನ್ನ ಬಳಿ ಮೂರು ನೆನಪುಗಳಿವೆ, ಮೂರೂ ಒಂದೇ ತೂಕದವು. ಮೊದಲನೆಯದರಲ್ಲಿ ಅಪ್ಪ “ಇದೇನೇ ಇದು?” ಎಂದು ಕೇಳುತ್ತಾರೆ, ನಾನು “ಗೊತ್ತಿಲ್ಲಪ್ಪ” ಎನ್ನುತ್ತೇನೆ, ಚೊಂಬು ಕೈಯಿಂದ ಜಾರುತ್ತದೆ. ಎರಡನೆಯದರಲ್ಲಿ ಅವರ ಒದ್ದೆ ಕೈ ನನ್ನ ತಲೆಯ ಮೇಲಿದೆ, ದನಿ ಮೆತ್ತಗಿದೆ, ನಾನು ದಾರ ಮಾಯವಾದದ್ದನ್ನು ಹೇಳುತ್ತಿದ್ದೇನೆ. ಚಾಡಿಯಾಗಿ ಅಲ್ಲ. ಅಷ್ಟು ಸೊಗಸಾದ ಸಂಗತಿಯನ್ನು ಇಷ್ಟು ದಿನ ಯಾರಿಗೂ ಹೇಳದೆ ಇಟ್ಟುಕೊಂಡಿದ್ದು ತಡೆಯಲಾರದೆ, ಸಾಹೇಬರ ಮಾತನ್ನೂ ಅವರ ದನಿಯಲ್ಲೇ ಅನುಕರಿಸಿ ಹೇಳುತ್ತಿದ್ದೇನೆ. ಮೂರನೆಯದರಲ್ಲಿ ಅಪ್ಪ ಏನೂ ಕೇಳುವುದಿಲ್ಲ. ಅಡುಗೆಮನೆಯ ಕಿಟಕಿಯ ಕಡೆ ನೋಡುತ್ತಾರೆ, ಅಲ್ಲಿ ಅಮ್ಮ ನಿಂತಿದ್ದಾಳೆ, ಇಬ್ಬರೂ ಕಣ್ಣು ತೆಗೆಯುವುದಿಲ್ಲ. ಎಷ್ಟೋ ವರ್ಷ ಮೊದಲನೆಯದನ್ನೇ ನಂಬಿಕೊಂಡಿದ್ದೆ. ಈಗ ಎರಡನೆಯದೇ ನಡೆದಿರಬೇಕೆಂಬ ಸಂಶಯ ಹೆಚ್ಚು, ಏಕೆಂದರೆ ಅದರಲ್ಲಿ ನಾನು ಸಂತೋಷವಾಗಿದ್ದೇನೆ.

ಖಚಿತವಾಗಿ ಗೊತ್ತಿರುವುದು ಇಷ್ಟು. ಕಾರು ಸ್ಟೇಷನ್ನಿಗೆ ಹೋಯಿತು, ಗಂಡು ಬಂದ, ಮದುವೆ ಆಯಿತು. ಮನೆಯಲ್ಲಿ ಜಗಳ ನಡೆಯಲಿಲ್ಲ. ಬೀಗದ ಕೈ ಮೊಳೆಯಲ್ಲೇ ಇತ್ತು. ಮುಂದಿನ ಗುರುವಾರ ಅಮ್ಮ ಟಾಂಗಾ ತರಿಸಿದಳು.

“ಕಾರಿಗೇನಾಗಿದೆಯೇ?” ಎಂದರು ಅಜ್ಜಿ.

“ಕಾರಿಗೇನೂ ಆಗಿಲ್ಲ ಅತ್ತೆ. ಹೊತ್ತಾಯ್ತು, ಹತ್ತಿ.”

ಅಜ್ಜಿ ಒಮ್ಮೆ ಮಗನ ಕಡೆ, ಒಮ್ಮೆ ಸೊಸೆಯ ಕಡೆ ನೋಡಿ ಟಾಂಗಾ ಹತ್ತಿದರು. ಅಮ್ಮ ಮತ್ತೆಂದೂ ಆ ಕಾರನ್ನು ಓಡಿಸಲಿಲ್ಲ. ಅಪ್ಪ ಒಂದೆರಡು ಭಾನುವಾರ, “ಬಾರೇ, ಒಂದು ಸುತ್ತು ಹೊಡಿ” ಎಂದು ಕರೆದದ್ದೂ ಉಂಟು. ಕ್ಷಮಿಸಿ ಕರೆದರೋ, ಏನೂ ತಿಳಿಯದೆ ಕರೆದರೋ. ಅವಳು “ಕೈತುಂಬ ಕೆಲಸ ಇದೆ” ಎಂದಳು. ಕೆಲವು ವರ್ಷಗಳ ಮೇಲೆ ಕಾರನ್ನು ಮಾರಿದರು. ಅಪ್ಪ ಹೋದರು, ಅದಕ್ಕೂ ಮೊದಲೇ ಅಜ್ಜಿ ಹೋಗಿದ್ದರು.

ನಾನು ಕಾರು ಕಲಿತದ್ದು ನಲವತ್ತು ದಾಟಿದ ಮೇಲೆ. ಒಂದು ದಿನ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಲಲಿತಮಹಲ್ ರಸ್ತೆಯಲ್ಲಿ ಹೊರಟೆ. ದಾರಿಯಲ್ಲಿ ಅಷ್ಟೊಂದು ವಾಹನ, ಅಷ್ಟೊಂದು ಮನೆ. ಅವಳು ಕಿಟಕಿಯಾಚೆ ನೋಡುತ್ತ ಯಾವುದೋ ನೆಂಟರ ಸುದ್ದಿ ಹೇಳುತ್ತಿದ್ದಳು. ಎದುರಿಗೆ ಒಂದು ಬಸ್ಸು ಬಂತು. ಆಗ ಅವಳ ಬಲಗಾಲು ಚಪ್ಪಲಿಯಿಂದ ಹೊರಬಂದು ಕಾರಿನ ನೆಲವನ್ನು ಗಟ್ಟಿಯಾಗಿ ಒತ್ತಿತು. ಬಸ್ಸು ದಾಟಿ ಹೋದ ಮೇಲೂ ಒತ್ತಿಕೊಂಡೇ ಇತ್ತು. ಮಾತು ಮಾತ್ರ ನಿಂತಿರಲಿಲ್ಲ. ಕೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಅವತ್ತು ನಾನು ಅಪ್ಪನಿಗೆ ಹೇಳಿದೆನಾ ಅಮ್ಮಾ? ಎಂದು ಮನಸ್ಸಿನಲ್ಲಿ ವಾಕ್ಯ ಕಟ್ಟಿದೆ, ಬಾಯಿಗೆ ತರಲಿಲ್ಲ. ಈಗ ಕೇಳಲು ಅವಳಿಲ್ಲ. ಹಾಗಾಗಿ ನಾನು ಹೇಳಿದೆನೋ ಇಲ್ಲವೋ ಗೊತ್ತಿಲ್ಲ. ಅಪ್ಪ ನಿಲ್ಲಿಸಿದರೋ, ಅವಳಾಗಿಯೇ ನಿಲ್ಲಿಸಿದಳೋ ಗೊತ್ತಿಲ್ಲ. ಆ ದಿನ ನೆಲದ ಮೇಲೆ ಅವಳ ಕಾಲು ಒತ್ತಿದ್ದು ಬ್ರೇಕನ್ನೋ ಆಕ್ಸಿಲರೇಟರನ್ನೋ, ಅದೂ ನನಗೆ ಗೊತ್ತಿಲ್ಲ.